ಆ ಕುರ್ಚಿಯಲ್ಲಿ ನಲವತ್ತು ನಿಮಿಷ

ಹಾವು ಹನ್ನೆರಡು ವರ್ಷ ಹಗೆ ಇಟ್ಟುಕೊಳ್ಳುತ್ತದಂತೆ. ಅಚ್ಚುಮನೆಯಲ್ಲಿ ಕರಡು ತಿದ್ದುವ ಇವಳ ಹಗೆಗೆ ಹದಿನಾಲ್ಕಾಗಿತ್ತು, ಇನ್ನೂ ಕಾವು ಆರಿರಲಿಲ್ಲ.

ಹದಿನೆಂಟರ ವಯಸ್ಸಿನಲ್ಲಿ ಅವಳನ್ನು ಅಮ್ಮ ಒಬ್ಬ ಮನಶ್ಶಾಸ್ತ್ರದ ಪ್ರೊಫೆಸರರ ಬಳಿ ಕರೆದೊಯ್ದಿದ್ದಳು. ಅವಳಂತೆ ಆಟಿಸಂ ಇರುವವರ ಗಮನಶಕ್ತಿ ಅಳೆಯುವ ಅಧ್ಯಯನ. ನಲವತ್ತು ನಿಮಿಷ ಏಳದೆ ಕೂತು, ಪರದೆಯಲ್ಲಿ ಚುಕ್ಕಿ ಕಂಡಾಗೆಲ್ಲ ಗುಂಡಿ ಒತ್ತಬೇಕು. ನೆತ್ತಿಯ ಮೇಲೆ ಟ್ಯೂಬ್‌ಲೈಟು ಗುಂಯ್‌ಗುಡುತ್ತಿತ್ತು.

"ಕಿವಿಗೆ ಹತ್ತಿ ಇಟ್ಕೊಳ್ಲಾ ಸಾರ್?"

"ಎಲ್ರಿಗೂ ಒಂದೇ ನಿಯಮಮ್ಮಾ," ಎಂದು ಪ್ರೊಫೆಸರು ಗಾಜಿನಾಚೆಯ ಕೋಣೆಗೆ ಹೋಗಿ ಕೂತರು.

ಇಪ್ಪತ್ತಾರನೆಯ ನಿಮಿಷಕ್ಕೆ ಅವಳು ಕಿವಿ ಮುಚ್ಚಿಕೊಂಡು ಎದ್ದುಬಿಟ್ಟಳು. ಅವರು ಹಾಳೆಗೆ ಕೆಂಪು ಗೀಟೆಳೆದು 'ಸಹಕರಿಸಲಿಲ್ಲ' ಎಂದು ಬರೆದರು. ನಡುವೆ ಎದ್ದವರು ಯಾರೂ ಆಮೇಲೆ ಬಂದ ವರದಿಯಲ್ಲಿ ಇರಲೇ ಇಲ್ಲ. "ಇನ್ನೊಂಚೂರು ತಡ್ಕೊಳ್ಳೋಕಾಗ್ಲಿಲ್ವೇನೇ?" ಎಂದು ಅಮ್ಮ ಅಂದು ಮನೆಯ ದಾರಿಯುದ್ದಕ್ಕೂ ಅತ್ತಳು. ಗೀಟನ್ನು ಮರೆತರೂ ಮರೆತಾಳು, ಆ ಅಳುವನ್ನು ಅವಳು ಮರೆಯಲಾರಳು.

ಈಗ ಅಧ್ಯಯನಗಳಿಗೆ ಒಪ್ಪಿಗೆ ಕೊಡುವ ಸಮಿತಿಯಲ್ಲಿ, ಪರೀಕ್ಷೆಗೆ ಕೂರುವವರ ಪರವಾಗಿ ಅವಳೊಬ್ಬ ಸದಸ್ಯೆ. ಸಂಶೋಧಕರು ಮೊದಲು ತಮ್ಮ ಪರೀಕ್ಷೆಗೆ ತಾವೇ ಕೂರಬೇಕೆಂಬ ನಿಯಮ ತಂದವಳೂ ಅವಳೇ. ಯಾರನ್ನು ನೆನೆದು ತಂದಳೆಂದು ಯಾರೂ ಕೇಳಲಿಲ್ಲ. ಕೊನೆಗೊಂದು ದಿನ ಅರ್ಜಿ ಬಂತು: ಅದೇ ಪ್ರೊಫೆಸರು, ಅದೇ ಕೋಣೆ, ಅದೇ ಪರೀಕ್ಷೆ. ಅವರು ಕೂರುವುದನ್ನು ನೋಡಲು ಸಮಿತಿಯ ಪರವಾಗಿ ಅವಳೇ ಹೋದಳು.

"ಮಕ್ಕಳಾಟ," ಎಂದು ನಗುತ್ತ ಪ್ರೊಫೆಸರು ಕುರ್ಚಿಯಲ್ಲಿ ಕೂತರು. ಅವಳ ಗುರುತು ಅವರಿಗೆಲ್ಲಿ ಸಿಗಬೇಕು! ವಯಸ್ಸಾಗಿ ಅವರ ಕಿವಿಗೀಗ ಶ್ರವಣಯಂತ್ರ ಬಂದಿತ್ತು. ಟ್ಯೂಬ್‌ಲೈಟಿನ ಗುಂಯ್ ಅದರಲ್ಲಿ ಎರಡರಷ್ಟಾಯಿತು. ಹತ್ತನೆಯ ನಿಮಿಷಕ್ಕೆ ಮುಖ ಕಿವುಚಿ, "ಈ ಮಷೀನ್ ತೆಗೀಲೇನಮ್ಮಾ?" ಎಂದರು.

"ಎಲ್ರಿಗೂ ಒಂದೇ ನಿಯಮ ಸಾರ್."

ಹೇಳುವಾಗ ಅವಳಿಗೆ ಒಳಗೊಳಗೇ ಹಾಲು ಕುಡಿದಷ್ಟು ಸಂತೋಷವಾಯಿತು. ಹತ್ತೊಂಬತ್ತನೆಯ ನಿಮಿಷಕ್ಕೆ ಅವರು ಕುರ್ಚಿ ಒದ್ದು ಎದ್ದರು. ಅವಳು ಕರಡು ತಿದ್ದುವ ಕೆಂಪು ಪೆನ್ನು ತೆಗೆದು, ನಿಧಾನವಾಗಿ ಗೀಟೆಳೆದು, 'ಸಹಕರಿಸಲಿಲ್ಲ' ಎಂದು ಬರೆದಳು.

"ಅನ್ಯಾಯ ಇದು! ಆ ಲೈಟಿನ ಕೆಳಗೆ ಯಾರು ತಾನೇ ಕೂರೋಕಾಗತ್ತೆ?"

"ಅದನ್ನೇ ಬರ್ಕೊಡಿ ಸಾರ್."

ಅವರು ಸಿಟ್ಟಿನಲ್ಲಿ ಬರೆದು ಸಹಿಯನ್ನೂ ಗೀಚಿದರು. ಅವಳು ಅದನ್ನು ಅರ್ಜಿಗೆ ಪಿನ್ ಮಾಡಿದಳು. "ಲೈಟು ಬದಲಾಗ್ಬೇಕು, ಹತ್ತಿ ಕೊಡ್ಬೇಕು, ನಡುವೆ ಏಳೋಕೆ ಬಿಡ್ಬೇಕು. ಹಳೇ ವರದೀಲಿ ಬಿಟ್ಟ ಹನ್ನೊಂದು ಜನಾನೂ ಸೇರಿಸ್ಬೇಕು. ಅದ್ರಲ್ಲಿ ನಾನು ಏಳನೆಯವಳು. ಅಲ್ಲೀವರೆಗೂ ಒಪ್ಪಿಗೆ ಇಲ್ಲ."

ಪ್ರೊಫೆಸರು ಆಗ ಮೊದಲ ಬಾರಿಗೆ ಅವಳ ಮುಖ ನೋಡಿದರು. ಅವಳು ಹೊರಗೆ ಬಂದು ಫೋನ್ ತೆಗೆದಳು.

"ಅಮ್ಮಾ, ಅವ್ರು ಕೂತಿದ್ದು ಹತ್ತೊಂಬತ್ತೇ ನಿಮಿಷ. ನಾನು ಇಪ್ಪತ್ತಾರು ಕೂತಿದ್ದೆ."