ನಂಬುವಂಥ ಕಾರಣ

“ರೋಗ ಬೇಡ. ರೋಗದಿಂದ ಊರು ಸಾಯೋದನ್ನ ಎಲ್ಲರೂ ಬರೆದಾಗಿದೆ,” ಎಂದು ಮಹಡಿ ಮೇಷ್ಟ್ರು ಪುಟದ ಮೇಲೆ ಮೂಲೆಯಿಂದ ಮೂಲೆಗೆ ಗೆರೆ ಎಳೆದರು.

ಚಹಾ ತಂದಿದ್ದ ಪಿಸು ಬಾಗಿಲಲ್ಲೇ ನಿಂತಳು. ಅಕ್ಕನ ಮನೆಯ ಮಹಡಿಗೆ ಬಾಡಿಗೆಗೆ ಬಂದ ಈ ಎರಡು ತಿಂಗಳಲ್ಲಿ ಮೇಷ್ಟ್ರು ತಮ್ಮ ಕಾದಂಬರಿಯ ಊರನ್ನು ಯುದ್ಧದಿಂದ ಒಮ್ಮೆ, ಭೂಕಂಪದಿಂದ ಒಮ್ಮೆ ಹಾಳುಮಾಡಿದ್ದರು. ಎರಡೂ ಸಲ ಅವರಿಗೇ ನಂಬಿಕೆ ಬಂದಿರಲಿಲ್ಲ. ಊರು ಹಾಳಾದ ಮೇಲಿನ ಮುನ್ನೂರು ಪುಟ ಸಿದ್ಧವಾಗಿತ್ತು. ಹಾಳಾದದ್ದು ಯಾಕೆ ಎಂಬ ಹತ್ತು ಪುಟ ಮಾತ್ರ ಬಾಕಿ.

“ನೀನಾದರೂ ಹೇಳಮ್ಮ, ಒಂದು ಊರು ಕೆಡಬೇಕಾದರೆ ಏನಾಗಬೇಕು?”

ಅವರು ತಮಾಷೆಗೆ ಕೇಳಿದ್ದು. ಯಾರು ಏನು ಕೇಳಿದರೂ ತಲೆಯಾಡಿಸಿಯೇ ಉತ್ತರ ಕೊಡುವ ಹುಡುಗಿ ಅವಳು. ಭಾವ ಅವಳಿಗೆ ಪಿಸು ಎಂದು ಹೆಸರಿಟ್ಟದ್ದೂ ಅದಕ್ಕೇ. ಆದರೆ ಈ ಪ್ರಶ್ನೆಗೆ ಉತ್ತರ ಅವಳಿಗೆ ಗೊತ್ತಿತ್ತು.

“ಏನೂ ಆಗ್ಬೇಕಾಗಿಲ್ಲ,” ಎಂದಳು. “ನೀರು ನೋಡೋರು ನೋಡದೇ ಇದ್ರೆ ಸಾಕು.”

ಮೇಷ್ಟ್ರು ಕುರ್ಚಿ ತಿರುಗಿಸಿದರು. “ಅಂದರೆ?”

ಅವಳು ನೆಲ ನೋಡುತ್ತಾ ಹೇಳಿದಳು. ಒಂದು ಊರಿನಲ್ಲಿ ಹನ್ನೊಂದು ಬೀದಿ. ದಿನಾ ಬೆಳಿಗ್ಗೆ ಒಬ್ಬಳು ಹನ್ನೊಂದು ಬೀದಿಯ ನಲ್ಲಿಗಳಿಂದ ಹನ್ನೊಂದು ಬಾಟಲಿ ನೀರು ತರಬೇಕು. ಎರಡು ಹನಿ ಔಷಧ ಹಾಕಿದಾಗ ನೀರು ಹಳದಿಯಾದರೆ ಅದರಲ್ಲಿ ಕ್ಲೋರಿನ್ ಇದೆ, ಕುಡಿಯಬಹುದು. ಅಷ್ಟು ದೂರ ನಡೆಯುವವರು ಯಾರು? ಅವಳು ಹನ್ನೊಂದನ್ನೂ ಕಚೇರಿಯ ಹಿತ್ತಲ ನಲ್ಲಿಯಲ್ಲೇ ತುಂಬಿ, ಬೀದಿಗಳ ಹೆಸರಿನ ಚೀಟಿ ಅಂಟಿಸುತ್ತಾಳೆ.

“ಎಲ್ಲದಕ್ಕೂ ಒಂದೇ ಹಳದಿ ಬಂದರೆ ಮೇಲಿನವರಿಗೆ ಅನುಮಾನ ಬರಲ್ವೇ?”

“ನಿನ್ನೆಯಿಂದ ತೆರೆದಿಟ್ಟ ನೀರು ಸ್ವಲ್ಪ ಬೆರೆಸೋದು. ಅದರಲ್ಲಿ ಕ್ಲೋರಿನ್ ಹಾರಿಹೋಗಿರುತ್ತೆ, ಬಣ್ಣ ಬರಲ್ಲ. ದೂರದ ಬೀದಿಗೆ ಜಾಸ್ತಿ, ಹತ್ತಿರದ್ದಕ್ಕೆ ಕಮ್ಮಿ. ಆಗ ನಿಜದ ಥರಾನೇ ಕಾಣುತ್ತೆ.”

“ಭಲೇ!” ಎಂದು ಮೇಷ್ಟ್ರು ಪೆನ್ನು ಎತ್ತಿಕೊಂಡರು.

ಆ ಬೆರಕೆಯ ಉಪಾಯ ಅವಳದೇ. ಮೂರು ವರ್ಷದ ಹಿಂದೆ ನೀರಿನ ಕಚೇರಿಯಲ್ಲಿ ಭಾವ ಕೆಲಸ ಕೊಡಿಸಿದ ಹೊಸತರಲ್ಲಿ ಅವಳಿಗೆ ಹೊಳೆದದ್ದು. “ಏಳನೇ ಕ್ಲಾಸಿಗೇ ಬಿಟ್ಟರೂ ತಲೆ ಇದೆ ಕಣೆ ನಿನಗೆ,” ಎಂದು ಭಾವ ಅಂದು ಹೊಗಳಿದ್ದ. ಅದಾದ ಮೇಲೆ ಅವಳನ್ನು ಹೊಗಳಿದವರು ಈ ಮೇಷ್ಟ್ರೇ. ಆದರೆ ಪೆನ್ನು ಸರಸರ ಓಡುವುದನ್ನು ಕಂಡು ಅವಳು ಚಹಾ ಮೇಜಿನ ಮೇಲಿಟ್ಟು ಬೇಗ ಕೆಳಗಿಳಿದಳು.

ಮರುದಿನ ಊಟಕ್ಕೆ ಕೂತಾಗ ಭಾವ ಬಾಗಿಲು ಮುಂದೆ ಮಾಡಿದ. “ಆ ಮೇಲಿನ ಮನುಷ್ಯ ಇವತ್ತು ಕಚೇರಿ ಕಾಂಪೌಂಡಿನಿಂದ ಇಣುಕಿ ಹಿತ್ತಲ ನಲ್ಲಿ ನೋಡ್ತಿದ್ದ. ಕಥೆ ಬರೆಯೋನಿಗೆ ಅಲ್ಲೇನು ಕೆಲಸ?”

“ಕುಂಬಳಕಾಯಿ ಕಳ್ಳ ಅಂದ್ರೆ ನೀವ್ಯಾಕೆ ಹೆಗಲು ಮುಟ್ಟಿ ನೋಡ್ಕೋತೀರಿ?” ಎಂದಳು ಅಕ್ಕ.

“ನಗು, ನಗು. ಬಾಟಲಿ ತರೋಳು ನಿನ್ನ ತಂಗಿ, ಬಣ್ಣ ನೋಡಿ ಸಹಿ ಹಾಕೋನು ನಾನು. ಒಂದೇ ದಿನ ಇಬ್ಬರೂ ಮನೇಲಿ ಕೂತ್ಕೋತೀವಿ. ಅವನು ಮೇಷ್ಟ್ರೂ ಅಲ್ಲ, ಮಣ್ಣೂ ಅಲ್ಲ. ತನಿಖೆಗೆ ಬಂದೋನು.” ಅವನು ಪಿಸುವಿನ ಕಡೆ ತಿರುಗಿದ. “ನೀನೇನಾದ್ರೂ ಬಾಯಿ ಬಿಟ್ಟೆಯೇನೇ?”

“ಅವಳು ಬಾಯಿ ಬಿಡೋದು ಅನ್ನಕ್ಕೆ ಮಾತ್ರ,” ಎಂದಳು ಅಕ್ಕ.

ಪಿಸು ಇಲ್ಲವೆಂದು ತಲೆಯಾಡಿಸಿದಳು.

“ಹೇಗೂ ಚಹಾ ಕೊಡೋಕೆ ಹೋಗ್ತೀಯಲ್ಲ. ಏನು ಬರೀತಾನೆ ನೋಡ್ಕೊಂಡು ಬಾ. ನನ್ನ ಕೆಲಸಕ್ಕೆ ಸಂಚಕಾರ ತಂದವರು ಯಾರೇ ಆಗಲಿ, ಈ ಮನೇಲಿ ಅವರಿಗೆ ಜಾಗ ಇಲ್ಲ.”

ಈಗ ಅವಳ ಕಣ್ಣಿಗೆ ಎಲ್ಲವೂ ಬೇರೆಯಾಗಿ ಕಂಡಿತು. ಮೇಷ್ಟ್ರ ಬೂಟು ಬರೆಯುವವರ ಬೂಟಿನ ಹಾಗಿರಲಿಲ್ಲ, ಅಷ್ಟು ಪಾಲಿಶ್. ಎರಡು ತಿಂಗಳಲ್ಲಿ ಅವರಿಗೆ ಒಂದು ಕಾಗದವೂ ಬಂದಿರಲಿಲ್ಲ. ಒಬ್ಬರೇ ಇರುವ ಕೋಣೆಯಲ್ಲಿ ಕೈಚೀಲಕ್ಕೆ ಬೀಗ ಯಾಕೆ?

ಬೆಳಿಗ್ಗೆ ಅವರು ಸ್ನಾನಕ್ಕೆ ಹೋದಾಗ ಅವಳು ಮೇಜಿನ ಮೇಲಿನ ಪುಟದ ಮೇಲೆ ಬೆರಳಿಟ್ಟು ಒಂದೊಂದೇ ಸಾಲು ಓದಿದಳು. ಹನ್ನೊಂದು ಬಾಟಲಿ, ಹಿತ್ತಲ ನಲ್ಲಿ, ಚೀಟಿ, ನಿನ್ನೆಯ ನೀರು, ಎಲ್ಲವೂ ಇತ್ತು. ಬಾಟಲಿ ತುಂಬುವವಳಿಗೆ ಮಾತ್ರ ಮುಖ ಕೊಟ್ಟಿರಲಿಲ್ಲ. ಅವಳು ಕೊನೆಯ ಸಾಲಿಗೆ ಬರುವಷ್ಟರಲ್ಲಿ ಮೇಷ್ಟ್ರು ಟವೆಲ್ ಹೊದ್ದು ಬಾಗಿಲಲ್ಲಿ ನಿಂತಿದ್ದರು.

“ಓದು, ಓದು. ಹೇಗೂ ಅದನ್ನ ತೆಗೆದು ಸೂರ್ಯನ ಬಿರುಗಾಳಿ ಹಾಕ್ತಿದೀನಿ.”

“ಯಾಕೆ?”

“ನಂಬಿಕೆ ಬರ್ತಿಲ್ಲಮ್ಮ. ನೀರಿನ ಕಚೇರಿ ತನಕ ಹೋಗಿ ಜಾಗ ನೋಡಿ ಬಂದೆ. ಮೇಲಿನವರು ನೋಡಲ್ಲ, ಒಪ್ಪೋಣ. ಆದರೆ ಆ ಬಾಟಲಿ ತುಂಬೋಳು? ಅವಳೂ ಅದೇ ಊರಿನವಳು, ಅದೇ ನೀರು ಕುಡಿಯೋಳು. ವರ್ಷಗಟ್ಟಲೆ ಒಂದು ದಿನವೂ ಅವಳಿಗೆ ‘ಹೋಗಿ ನೋಡಿಬಿಡೋಣ’ ಅನ್ನಿಸಲ್ಲ ಅಂದರೆ ಓದೋರು ಪುಸ್ತಕ ಎಸೀತಾರೆ. ಅಂಥವರು ಎಲ್ಲಿರ್ತಾರೆ?”

ಹಾಗೆಂದು ಅವರು ಅವಳ ಮುಖ ನೋಡಿದರು. ಗೊತ್ತಿದ್ದು ಕೇಳಿದರೋ ಗೊತ್ತಿಲ್ಲದೆಯೋ, ಅವಳಿಗೆ ತಿಳಿಯಲಿಲ್ಲ.

“ಸೂರ್ಯನಿಂದ ಅದೇನೋ ಬಿರುಗಾಳಿ ಬಂದು ಊರು ಹಾಳಾಗುತ್ತಂತೆ,” ಎಂದು ಅವಳು ಕೆಳಗೆ ಬಂದು ವರದಿ ಒಪ್ಪಿಸಿದಾಗ ಭಾವ ತೊಡೆ ತಟ್ಟಿ ನಕ್ಕ. “ಬರಲಿ ಬಿಡು! ಸೂರ್ಯ ನಮ್ಮ ಇಲಾಖೆಗೆ ಸೇರಿದೋನಲ್ಲ. ನೀನು ಯಾವಾಗಿನ ಹಾಗೆ ಹಿತ್ತಲಲ್ಲೇ ತುಂಬು.”

ಮರುದಿನ ಅವಳು ಹಿತ್ತಲಿಗೆ ಹೋಗಲಿಲ್ಲ. ಬಾಟಲಿಗಳ ಚೀಲ, ಔಷಧದ ಸೀಸೆ ಎತ್ತಿಕೊಂಡು ಮೊದಲ ಬೀದಿಗೆ ನಡೆದಳು. ಎರಡು ಹನಿ ಹಾಕಿದಳು. ಹಳದಿ. ಅಲ್ಲಿಂದಲೇ ತಿರುಗಿ ಬರಬಹುದಿತ್ತು. ಎರಡನೆಯ ಬೀದಿಯೂ ಹಳದಿ, ಮೂರನೆಯದೂ. ದೂರ ಹೋದಂತೆ ಬಣ್ಣ ತೆಳುವಾಗುತ್ತಾ ಬಂತು, ಹೆಚ್ಚುಕಡಿಮೆ ಅವಳು ಬೆರೆಸುತ್ತಿದ್ದ ಹಾಗೆಯೇ. ಅದನ್ನು ಕಂಡು ಅವಳಿಗೆ ನಗು ಬಂತು.

ಒಂಬತ್ತನೆಯ ಬೀದಿಯ ನಲ್ಲಿಯ ಮುಂದೆ ಕೊಡಗಳ ಸಾಲಿತ್ತು. ಮೊದಲ ಕೊಡ ತುಂಬಿದ ಮೇಲೆ ಅವಳು ನಡುವೆ ಬಗ್ಗಿ ಬಾಟಲಿ ಹಿಡಿದಳು. ಎರಡು ಹನಿ ಹಾಕಿ ಕಾದಳು. ಬಣ್ಣ ಬರಲಿಲ್ಲ. ಚೆಲ್ಲಿ, ಬಾಟಲಿ ತೊಳೆದು ಮತ್ತೆ ತುಂಬಿದಳು. ನೀರು ಗಾಜಿನಷ್ಟೇ ತಿಳಿಯಾಗಿ ನಿಂತಿತು.

“ಆಯ್ತೇನಮ್ಮ ನಿನ್ನ ಆಟ? ಕೊಡ ಇಡ್ಲಾ?” ಹಿಂದಿನ ಹೆಂಗಸು ಕೇಳಿದಳು.

ಹೇಳಿದರೆ ಸಂಜೆಯೊಳಗೆ ಕಚೇರಿಯವರು ನೀರು ಪರೀಕ್ಷೆಯ ಪುಸ್ತಕ ತೆಗೆಸುತ್ತಾರೆ. ಮೂರು ವರ್ಷದ ಹಾಳೆಗಳಲ್ಲೂ ಭಾವನ ಸಹಿ. ಆಮೇಲೆ ಅಕ್ಕನ ಮನೆಯ ಬಾಗಿಲು ಅವಳಿಗೆ ತೆರೆಯುವುದಿಲ್ಲ.

“ಬೇಡ,” ಎಂದಳು. ಯಾರಿಗೂ ಕೇಳಿಸಲಿಲ್ಲ. “ಬೇಡ! ಈ ನೀರು ಕುಡೀಬೇಡಿ!”

ಸಾಲು ಅವಳತ್ತ ತಿರುಗಿತು.

“ಯಾರೇ ನೀನು? ಯಾವತ್ತೂ ಈ ಬೀದೀಲಿ ಕಂಡಿಲ್ಲ.”

“ನೀರಿನ ಕಚೇರಿಯೋಳು. ದಿನಾ ಬರ್ಬೇಕಾದೋಳು.”

“ನಮ್ಮ ನೀರು ಇನ್ನೊಂದು ಬೀದಿಗೆ ತಿರುಗಿಸೋಕೆ ಕಳಿಸಿರ್ತಾರೆ, ಇದೆಲ್ಲ ನಾಟಕ,” ಎಂದಿತು ಇನ್ನೊಂದು ದನಿ.

ಪಿಸು ಎಂಟನೆಯ ಬೀದಿಯ ಬಾಟಲಿಯನ್ನೂ ಇದನ್ನೂ ಅಕ್ಕಪಕ್ಕ ಎತ್ತಿ ತೋರಿಸಿದಳು. ಹೆಂಗಸು ಹತ್ತಿರ ಬಂದು ಕಣ್ಣು ಕಿರಿದು ಮಾಡಿ ನೋಡಿದಳು. “ನಮ್ಮದೇ ಚೆನ್ನಾಗಿದೆಯಲ್ಲ? ಆ ಹಳದಿ ನೀರನ್ನ ಯಾರು ಕುಡೀತಾರೆ?”

ಎಲ್ಲರೂ ನಕ್ಕರು. ಪಿಸು ಬಾಟಲಿಗಳನ್ನು ಕೆಳಗಿಟ್ಟು ಅಂಗೈಯಿಂದ ನಲ್ಲಿಯ ಬಾಯಿ ಮುಚ್ಚಿದಳು. ನೀರು ಬೆರಳ ಸಂದಿಯಿಂದ ಚಿಮ್ಮಿ ಅವಳ ಮುಖ, ತೋಳು ತೋಯಿಸಿತು. ಅವಳು ಕೈ ತೆಗೆಯಲಿಲ್ಲ.

ಮೊದಲೇ ತುಂಬಿಸಿಕೊಂಡಿದ್ದ ಮುದುಕಿ ಕೊಡವನ್ನು ಸೊಂಟಕ್ಕೇರಿಸಿ ಹೊರಟಿದ್ದಳು. ನಾಲ್ಕು ಹೆಜ್ಜೆ ಹೋಗಿ ನಿಂತಳು. ತಿರುಗಿ ಹುಡುಗಿಯನ್ನು ನೋಡಿದಳು, ಕೊಡದೊಳಗೆ ನೋಡಿದಳು. ಆಮೇಲೆ ನಿಧಾನವಾಗಿ ಅದನ್ನು ಬೀದಿಯ ನಡುವೆ ಇಳಿಸಿ, ಚೆಲ್ಲಲೂ ಇಲ್ಲ, ಎತ್ತಲೂ ಇಲ್ಲ, ಅದರ ಬಾಯಿಗೆ ತನ್ನ ಸೆರಗು ಮುಚ್ಚಿ ನಿಂತಳು.