ಮೂರನೆಯ ಕೂಗು

ಹೊನ್ನಯ್ಯನ ತಲೆಗೆ ಪೇಟ ಸುತ್ತುತ್ತಿದ್ದ ಶಿವಯ್ಯನ ಕೈ ನಿಂತಿತು. ಎಷ್ಟು ಸಲ ಒತ್ತಿ ಮುಚ್ಚಿದರೂ ಅಣ್ಣನ ಬಲಗಣ್ಣು ಮತ್ತೆ ಅರೆ ತೆರೆದುಕೊಳ್ಳುತ್ತಿತ್ತು. ಲಕ್ವ ಹೊಡೆದಂದಿನಿಂದ ಅದು ಮುಚ್ಚಿದ್ದೇ ಇಲ್ಲ. ಜಗಲಿಯ ಗೋಡೆಗೆ ಒರಗಿಸಿ ಕೂರಿಸಿದ್ದ ಹೆಣಕ್ಕೂ ಎದುರಿಗಿದ್ದ ತಮ್ಮನಿಗೂ ಒಂದೇ ಮುಖ. ಅವಳಿಗಳು. ಕಿರುಗಾವಲಿನಿಂದ ಬಂದ ನೆಂಟರ ಹೆಂಗಸೊಬ್ಬಳು ಶಿವಯ್ಯನನ್ನು ಕಂಡು ಹೌಹಾರಿ, ಆಮೇಲೆ ನಾಚಿಕೊಂಡು ಅಳಲು ಕೂತಳು.

ಹೊನ್ನಯ್ಯನ ಹೆಂಡತಿ ಇಂದ್ರಮ್ಮ ಮೈದುನನನ್ನು ಹಿತ್ತಿಲಿಗೆ ಕರೆದಳು. ಹೆಣ ಹೊತ್ತವರು ಅರ್ಧ ದಾರಿಯಲ್ಲಿ ಚಟ್ಟ ಇಳಿಸುತ್ತಾರೆ. ಜೀವವಿದ್ದರೆ ಎದ್ದು ಬರಲೆಂದು ಊರಿನ ಹಿರಿಯನೊಬ್ಬ ಸತ್ತವನ ಕಿವಿಯಲ್ಲಿ ಮೂರು ಸಲ ಹೆಸರು ಕೂಗುತ್ತಾನೆ. ಆಗ ಬದುಕಿರುವವರು ಯಾರೂ ಓಗೊಡುವಂತಿಲ್ಲ. ಓಗೊಟ್ಟವನನ್ನು ಹೆಣ ಜೊತೆಗೇ ಕರೆದೊಯ್ಯುತ್ತದೆ ಎಂಬುದು ಆ ಊರಿನ ನಂಬಿಕೆ.

“ನೀ ಬರಬ್ಯಾಡ ಕಣಪ್ಪ. ಮನೇಲೇ ಇದ್ಬುಡು.”

“ಒಟ್ಗೇ ಉಟ್ಟೋನು, ಎಗಲು ಕೊಡ್ದೆ ಇರಾಕಾಯ್ತದಾ ಅತ್ಗೆ? ಬಾಯಿ ಬುಡಾಕಿಲ್ಲ, ಬುಡು.”

ಅವಳು ಯಾಕೆ ಹೆದರಿದ್ದಾಳೆಂದು ಇಬ್ಬರಿಗೂ ಗೊತ್ತಿತ್ತು.

*

ರೈತರ ಖಾತೆಗೆ ಸರ್ಕಾರ ಹಾಕುವ ಕಿಸಾನ್ ದುಡ್ಡು ಹೊನ್ನಯ್ಯನಿಗೆ ನಿಂತುಹೋಗಿತ್ತು. ಅದು ಮತ್ತೆ ಬರಬೇಕಾದರೆ ಫೋನಿಗೆ ಮುಖ ತೋರಿಸಿ, ಹೇಳಿದಾಗ ಎರಡೂ ಕಣ್ಣು ಮಿಟುಕಿಸಬೇಕು. ಹೊನ್ನಯ್ಯನಿಗೆ ಎಡಗಣ್ಣೊಂದೇ ಮಿಟುಕುತ್ತಿತ್ತು. ಫೋನು ಅವನನ್ನು ಬದುಕಿರುವವನೆಂದು ಒಪ್ಪಲಿಲ್ಲ. ಮಾತ್ರೆಗೆ ಆ ದುಡ್ಡೇ ಗತಿ. ಕೊನೆಗೆ ಶಿವಯ್ಯ ಅಣ್ಣನ ಆಧಾರ್ ಕಾರ್ಡು ಜೇಬಿಗಿಟ್ಟು, ಗುರುತಿನವರಿಲ್ಲದ ಮಳವಳ್ಳಿಗೆ ಬಸ್ಸು ಹತ್ತಿದ. ಅಲ್ಲಿ ಆ ಫೋನಿನ ಕೆಲಸ ಮಾಡಿಕೊಡುವ ಅಂಗಡಿಯವನು ಹೊನ್ನಯ್ಯ ಎಂದು ಕೂಗಿದಾಗ ಈ ಮಹಾನುಭಾವ ಯಾರನ್ನೋ ಕರೆದರೆಂಬಂತೆ ಕೂತೇ ಇದ್ದ. ಸರದಿ ತಪ್ಪಿ ವಾಪಸು ಬಂದ.

ಇಂದ್ರಮ್ಮ ಗಂಡನ ಹೆಸರು ಹೇಳುವವಳಲ್ಲ. ಹಾಗಾಗಿ ಹೊನ್ನಯ್ಯನೇ ಮಂಚದ ಮೇಲಿಂದ, ಸೊಟ್ಟ ಬಾಯಲ್ಲಿ, ತನ್ನ ಹೆಸರನ್ನು ತಾನೇ ಕೂಗಿ ತಮ್ಮನನ್ನು ಪಳಗಿಸಿದ. “ಒನ್ನಯ್ಯಾ.” “ಬಂದೆ.” ಕೊಟ್ಟಿಗೆಯಲ್ಲಿದ್ದಾಗ, ಉಣ್ಣುವಾಗ, ನಿದ್ದೆಗಣ್ಣಿನಲ್ಲಿ. ಮೂವರೂ ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದರು. ಮುಂದಿನ ಸಲ ಶಿವಯ್ಯ ತಟ್ಟನೆ ಓಗೊಟ್ಟ, ಗಲ್ಲ ಎತ್ತಿದ, ಕಣ್ಣು ಮಿಟುಕಿಸಿದ. ದುಡ್ಡು ಬಂತು. ಆಮೇಲಾಮೇಲೆ, ಯಾಕೋ, ತನ್ನ ಸ್ವಂತ ಹೆಸರು ಕೂಗಿದರೆ ಅವನು ತಡವಾಗಿ ತಿರುಗತೊಡಗಿದ.

*

ನಾಲೆ ಏರಿಯ ಮೇಲೆ ಚಟ್ಟ ಇಳಿಸಿದರು. ತಮಟೆ ನಿಂತಿತು. ಶಿವಯ್ಯ ಟವಲಿನ ತುದಿಯನ್ನು ಬಾಯಿಗೆ ತುರುಕಿಕೊಂಡ. ಊರಿನ ಹಿರಿಯ ಚಿಕ್ಕಬೋರಯ್ಯ ಹೆಣದ ಕಿವಿಗೆ ಬಾಗಿದ. ಅವನ ಬಾಯಲ್ಲಿ ಒಂದು ಹಲ್ಲೂ ಇಲ್ಲ.

“ಒನ್ನಯ್ಯಾ.”

ಥೇಟ್ ಅಣ್ಣನ ದನಿ. ಶಿವಯ್ಯ ಟವಲು ಕಚ್ಚಿ ತಡೆದ.

“ಒನ್ನಯ್ಯಾ.”

ಪಕ್ಕದ ಕಬ್ಬಿನ ಗದ್ದೆಯಲ್ಲಿ ಒಂದು ಗರಿಯೂ ಅಲ್ಲಾಡಲಿಲ್ಲ. ಅರೆ ತೆರೆದ ಬಲಗಣ್ಣು ತನ್ನನ್ನೇ ನೋಡುತ್ತಿದೆ ಅನಿಸಿತು. ಇನ್ನೊಂದೇ ಕೂಗು, ಅದೊಂದು ದಾಟಿದರೆ ತಾನು ಉಳಿದ ಹಾಗೆ. ಶಿವಯ್ಯ ಉಸಿರು ಬಿಗಿ ಹಿಡಿದ.

ಮೂರನೆಯ ಕೂಗು ಹತ್ತಿರದಿಂದ, ಮೆಲ್ಲಗೆ ಬಂತು. ಟವಲು ಯಾವಾಗ ಬಾಯಿಂದ ಜಾರಿತೋ ಅವನಿಗೆ ತಿಳಿಯಲಿಲ್ಲ.

“ಬಂದೆ.”

ಎಲ್ಲರೂ ತಿರುಗಿದರು. ಬೆಂಕಿಯ ಮಡಕೆ ಹಿಡಿದಿದ್ದ ಹೊನ್ನಯ್ಯನ ಮಗ ಸಿದ್ದರಾಮು ಒಮ್ಮೆ ಚಿಕ್ಕಬೋರಯ್ಯನನ್ನೂ ಒಮ್ಮೆ ಇವನನ್ನೂ ನೋಡಿದ.

“ಚಿಕ್ಕಪ್ಪಾ, ಮೂರ್ನೇದು ಅವ್ರಿನ್ನೂ ಕೂಗೇ ಇಲ್ವಲ್ಲ.”

ಶಿವಯ್ಯ ಮಳವಳ್ಳಿಯ ಅಂಗಡಿಯಲ್ಲಿ ಮಾಡಿದ್ದಂತೆ ಹೆಣದ ಕಡೆಗೆ ಗಲ್ಲ ಎತ್ತಿದ, ಕಣ್ಣು ಮಿಟುಕಿಸಿದ. ಎಡಗಣ್ಣೊಂದೇ ಮುಚ್ಚಿತು.