ಕಲಾಯಿ ಹಾಕಿದ ಟಾರ್ಗೆಟ್

1

ಈ ಕಥೆಯನ್ನು ಅಣುವಿನಿಂದ ಶುರು ಮಾಡಲೋ, ಹುಣಸೆಹಣ್ಣಿನಿಂದಲೋ? ಅಣುವಿನಿಂದ ಮಾಡಿದರೆ ನೀವು ಗೌರವ ಕೊಡುತ್ತೀರಿ, ಓದುವುದಿಲ್ಲ. ಹುಣಸೆಹಣ್ಣೇ ಇರಲಿ.

1 (ಮತ್ತೆ)

1963. ಶಿರಾದ ಕರೀಮ್ ಸಾಬ್ ತಾಮ್ರದ ಪಾತ್ರೆಗಳಿಗೆ ತವರದ ಕಲಾಯಿ ಹಾಕುತ್ತಿದ್ದರು. ಮಗಳು ಗೌಹರ್ ನಾಲ್ಕನೇ ಕ್ಲಾಸಿಗೇ ಸ್ಕೂಲು ಬಿಟ್ಟು, ಹುಣಸೆಹಣ್ಣು ಬೂದಿ ಹಚ್ಚಿ ಆ ಪಾತ್ರೆಗಳನ್ನು ತಿಕ್ಕುತ್ತಿದ್ದಳು. ಮಾತು ಕಡಿಮೆ, ಕಣ್ಣು ಚುರುಕು. ಅದೇ ಬೀದಿಯ ಕೊನೆಗೆ ಡಾಕ್ಟರ್ ತಿಮ್ಮರಾಯಪ್ಪನವರ ಪ್ರಯೋಗಾಲಯ. (ಶಿರಾದಲ್ಲಿ ಅಂಥದ್ದು ಇರಲಿಲ್ಲ. ಕಥೆಗೆ ಬೇಕು, ಕಟ್ಟಿದ್ದೇನೆ. ಲೈಸೆನ್ಸ್ ಕೇಳಬೇಡಿ.)

ಅಲ್ಲಿ ಮಾಡುತ್ತಿದ್ದುದು ಟಾರ್ಗೆಟ್. ರೂಪಾಯಿಯಗಲದ ತಾಮ್ರದ ಬಿಲ್ಲೆಯ ಮೇಲೆ ಟೈಟೇನಿಯಂ ಲೋಹವನ್ನು ಆವಿ ಮಾಡಿ ತೆಳ್ಳಗೆ ಕೂರಿಸುವುದು. ಕಾಯಿಸಿ, ಅದಕ್ಕೆ ಭಾರ ಜಲಜನಕ ಕುಡಿಸುವುದು. ಆಮೇಲೆ ವೇಗದ ಕಣಗಳಿಂದ ಹೊಡೆದು ಎಷ್ಟು ನ್ಯೂಟ್ರಾನ್ ಚಿಮ್ಮುತ್ತವೆಂದು ನೋಡುವುದು. ಲೇಪ ಸಿಪ್ಪೆ ಎದ್ದರೆ ಎಲ್ಲ ಮಣ್ಣುಪಾಲು.

3

(ಎರಡನ್ನು ಹರಿದು ಹಾಕಿದೆ. ಅದರಲ್ಲಿ ಗೌಹರಳಿಗೆ ಬಸ್ ಕಂಡಕ್ಟರ್ ಮೇಲೆ ಪ್ರೇಮವಿತ್ತು. "ನಂಗ್ಯಾಕೆ ಆ ಉಸಾಬರಿ?" ಎಂದಳು.)

ಬಿಲ್ಲೆಗಳನ್ನು ಫಳಫಳ ಮಾಡಿಕೊಡಿ ಎಂದು ತಿಮ್ಮರಾಯಪ್ಪ ಸಾರ್ ಹೇಳಿದ್ದರು. ಕರೀಮ್ ಸಾಬ್ ಫಳಫಳ ಮಾಡಿದರು. ತಾಮ್ರವನ್ನು ಬರಿಮೈಯಲ್ಲಿ ಕಳಿಸಲು ಮನಸ್ಸಾಗದೆ ಕಲಾಯಿಯನ್ನೂ ಹಾಕಿಕೊಟ್ಟರು. ಕಾಯಿಸಿದಾಗ ತವರ ಕರಗಿತು, ಲೇಪ ಜಾರಿತು.

"ಏನ್ ಸಾಬ್ರೇ, ಇದ್ರಲ್ಲಿ ಹುಳಿ ಕಾಯಿಸ್ತೀವಿ ಅಂದ್ಕೊಂಡ್ರಾ?"

"ಕಿಲುಬು ಬಂದ್ರೆ ವಿಷ ಸಾರ್. ಯಾರಾನ ತಿಂದ್ಬುಟ್ರೆ?"

"ನ್ಯೂಟ್ರಾನ್ ತಿಂತದೇನ್ರೀ!"

ಲ್ಯಾಬು ಒಂದು ವಾರ ನಕ್ಕಿತು.

ಮುಂದಿನ ಹತ್ತು ಬಿಲ್ಲೆಗಳನ್ನು ಗೌಹರಳೇ ತಿಕ್ಕಿದಳು. ಕಲಾಯಿ ಇಲ್ಲ. ಅಂಚನ್ನಷ್ಟೇ ಮುಟ್ಟಿ, ಬಟ್ಟೆಯಲ್ಲಿ ಸುತ್ತಿ ತಂದಳು. ಆದರೂ ಏಳು ಸಿಪ್ಪೆ ಎದ್ದವು.

"ಸಾಕು ಸಾಬ್ರೇ. ಶಿರಾದ ಕೆಲಸ ಕಳಪೆ ಅಂತ ರಿಪೋರ್ಟ್ ಬರೀತೀನಿ. ಇನ್ಮೇಲೆ ಬೆಂಗಳೂರಿಂದ ತರಿಸ್ತೀನಿ."

ಮೂವತ್ತು ವರ್ಷದಲ್ಲಿ ಕರೀಮ್ ಸಾಬ್ ಕಲಾಯಿ ಹಾಕಿದ ಒಂದು ಚೊಂಬೂ ವಾಪಸ್ ಬಂದಿರಲಿಲ್ಲ.

4

ಬಾಗಿಲಲ್ಲಿ ನಿಂತಿದ್ದ ಗೌಹರಳಿಗೆ ಕಾರಣ ಗೊತ್ತಿತ್ತು. ಏಳು ಬಿಲ್ಲೆಗಳಲ್ಲೂ ಸಿಪ್ಪೆ ಎದ್ದ ಜಾಗದ ಆಕಾರ ಒಂದೇ: ಹೆಬ್ಬೆಟ್ಟು. ಸಾರ್ ಕೊಬ್ಬರಿ ಎಣ್ಣೆಯ ತಲೆಯನ್ನು ಸವರಿಕೊಂಡು, ಅದೇ ಕೈಯಲ್ಲಿ ಬಿಲ್ಲೆ ಎತ್ತಿ ಬೆಳಕಿಗೆ ಹಿಡಿಯುತ್ತಿದ್ದರು.

"ಹೇಳೇ" ಎಂದೆ ನಾನು.

"ನೀನೇ ಹೇಳು. ಪೆನ್ನು ನಿನ್ ಕೈಲೈತೆ."

"ನಿಮ್ ಅಬ್ಬಾ ಮರ್ಯಾದೆ ಕಣಮ್ಮ."

"ಅದ್ಕೇಂತ ನನ್ ಬಾಯಿಗೆ ಭಾಷಣ ತುರುಕಬ್ಯಾಡ."

ಕೊನೆ ಅ: ಸಾರ್ ತಪ್ಪೊಪ್ಪಿಕೊಂಡರು. (ನಗಬೇಡಿ.)

ಕೊನೆ ಆ: ವಿಲಾಯತಿ ಪತ್ರಿಕೆಯಲ್ಲಿ ಬೆರಳಿನ ಜಿಡ್ಡಿನ ಬಗ್ಗೆ ಲೇಖನ. ಲೇಖಕರು ಡಾ. ತಿಮ್ಮರಾಯಪ್ಪ. ಗೌಹರಳ ಹೆಸರು ಅಡಿಟಿಪ್ಪಣಿಯಲ್ಲೂ ಇಲ್ಲ. (ಇದನ್ನು ನಂಬಬಹುದು.)

ಎರಡೂ ಅವಳಿಗೆ ಬೇಡವಾದವು. ಒಳಗೆ ಬಂದು, ಸಾರ್ ಆಗಷ್ಟೇ ನೋಡಿ ಮೇಜಿನ ಮೇಲಿಟ್ಟ, ಇನ್ನೂ ಲೇಪ ಹಾಕದ ಹೊಸ ಬಿಲ್ಲೆಯನ್ನು ಅಂಚು ಹಿಡಿದು ಎತ್ತಿದಳು. ಕಲಾಯಿಗೆ ಮುಂಚೆ ಪಾತ್ರೆಯ ಜಿಡ್ಡು ಹೋಗಿದೆಯೇ ಎಂದು ನೋಡುವಂತೆ, ಬಾಯಿ ಹತ್ತಿರ ತಂದು 'ಹಾ' ಎಂದು ಉಸಿರು ಬಿಟ್ಟಳು. ತಾಮ್ರ ಮಬ್ಬಾಯಿತು. ಮಬ್ಬಿನ ನಡುವೆ ಹೆಬ್ಬೆಟ್ಟೊಂದು ಗೆರೆಗೆರೆಯಾಗಿ ಎದ್ದಿತು.

"ಸಾರ್, ಇದು ಯಾರ್ದು?"

ಉಸಿರಿನ ಮಬ್ಬು ನಾಲ್ಕು ಎಣಿಸುವುದರೊಳಗೆ ಆರುತ್ತದೆ. ಸಾರ್ ಜೇಬುಗಳಲ್ಲಿ ಕನ್ನಡಕ ಹುಡುಕುತ್ತಿದ್ದಾರೆ. ಅವರಿಗೆ ಎಷ್ಟು ಜೇಬು ಬೇಕಾದರೂ ಹೊಲಿದುಕೊಡುತ್ತೇನೆ, ಹುಡುಕಲಿ.

ಗೌಹರ್ ಇನ್ನೊಮ್ಮೆ 'ಹಾ' ಎಂದಳು.